ಕಂಪ್ಯೂಟರಿನಿಂದ ಮೊಬೈಲಿಗೆ ಕರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಕುರಿತಿದ್ದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಹೊರದೇಶದಲ್ಲಿದ್ದಾಳೆ. ಕಂಪ್ಯೂಟರಿನಿಂದ ಅವಳ ಮೊಬೈಲಿಗೆ ಉಚಿತವಾಗಿ ಕರೆ ಮಾಡಬಹುದೆಂದು ಒಬ್ಬರು ಹೇಳುತ್ತಾರೆ. ದುಡ್ಡು ಕಟ್ಟದೆ ಆಗುವುದೇ ಇಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ನನ್ನ ಮೊಬೈಲೂ ಕಂಪ್ಯೂಟರಿನ ಪಕ್ಕದಲ್ಲೇ ಇರಬೇಕು ಎಂಬುದು ಮೂರನೆಯವರ ವಾದ. ಯಾರ ಮಾತನ್ನು ನಂಬಲಿ?

ಉತ್ತರ: ಮೂವರ ಮಾತೂ ಸರಿಯೇ. ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ನಾವೆಲ್ಲ ‘ಕಂಪ್ಯೂಟರಿನಿಂದ ಮೊಬೈಲಿಗೆ ಕರೆ’ ಎಂದು ಒಂದೇ ಹೆಸರಿನಿಂದ ಕರೆಯುತ್ತಿರುವುದೇ ಈ ಗೊಂದಲಕ್ಕೆ ಕಾರಣ.

ಮೊದಲನೆಯದು ಆ್ಯಪ್‌ನಿಂದ ಆ್ಯಪ್‌ಗೆ ಹೋಗುವ ಕರೆ. ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದು, ಮಗಳ ಹೆಸರಿನೆದುರು ಇರುವ ಫೋನಿನ ಗುರುತನ್ನು ಒತ್ತಿದರೆ ಅವಳ ಮೊಬೈಲ್ ರಿಂಗಾಗುತ್ತದೆ. ಆದರೆ ಅಲ್ಲಿ ಕರೆಯನ್ನು ಬರಮಾಡಿಕೊಳ್ಳುವುದು ಮೊಬೈಲಿನೊಳಗಿರುವ ವಾಟ್ಸ್‌ಆ್ಯಪ್. ಅವಳ ಸಿಮ್‌ಗೂ ಈ ಕರೆಗೂ ಸಂಬಂಧವಿಲ್ಲ. ಅವಳ ಮೊಬೈಲಿನಲ್ಲಿ ಇಂಟರ್ನೆಟ್ ಇಲ್ಲದ ಗಳಿಗೆಯಲ್ಲಿ ನೀವು ಎಷ್ಟು ಸಲ ಒತ್ತಿದರೂ ಅತ್ತ ಸದ್ದಾಗುವುದಿಲ್ಲ. ಇಂಟರ್ನೆಟ್ಟಿಗೆ ಕೊಡುವ ಹಣ ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ. ನಿಮ್ಮ ಮೊದಲನೆಯ ಹಿತೈಷಿ ಹೇಳಿದ್ದು ಇದನ್ನು.

ಎರಡನೆಯದು ನಿಜವಾದ ಅರ್ಥದಲ್ಲಿ ‘ನಂಬರಿಗೆ’ ಮಾಡುವ ಕರೆ. ಆ ಕಡೆಯವರ ಬಳಿ ಯಾವ ಆ್ಯಪ್ ಇರಬೇಕಾಗಿಲ್ಲ, ಇಂಟರ್ನೆಟ್ ಇರಬೇಕಾಗಿಲ್ಲ, ಬಟನ್ನಿನ ಹಳೆಯ ಫೋನಾದರೂ ಸಾಕು. ಕಂಪ್ಯೂಟರಿನಿಂದ ಹೊರಟ ಧ್ವನಿಯನ್ನು ನಡುವೆ ಒಂದು ಕಂಪನಿ ತೆಗೆದುಕೊಂಡು ಟೆಲಿಫೋನ್ ಜಾಲಕ್ಕೆ ಸೇರಿಸುತ್ತದೆ, ಆ ಕೆಲಸಕ್ಕೆ ಹಣ ತೆಗೆದುಕೊಳ್ಳುತ್ತದೆ.

ಮೂರನೆಯದರಲ್ಲಿ ಕರೆ ಹೋಗುವುದು ನಿಮ್ಮದೇ ಮೊಬೈಲಿನಿಂದ, ನಿಮ್ಮದೇ ಸಿಮ್‌ನ ದರದಲ್ಲಿ. ಕಂಪ್ಯೂಟರ್ ಬರಿಯ ಮೈಕು ಮತ್ತು ಸ್ಪೀಕರಿನ ಕೆಲಸ ಮಾಡುತ್ತದೆ. ವಿಂಡೋಸ್‌ನಲ್ಲಿರುವ ‘ಫೋನ್ ಲಿಂಕ್’ ಈ ಬಗೆಯದು. ಆ್ಯಪಲ್ ಕಂಪನಿ 2014ರಿಂದ ತನ್ನ ಮ್ಯಾಕ್ ಕಂಪ್ಯೂಟರುಗಳಿಗೂ ಐಫೋನಿಗೂ ನಡುವೆ ಕೊಟ್ಟಿರುವ ಸೌಲಭ್ಯವೂ ಇದೇ ಬಗೆಯದು.

ನಿಮ್ಮ ಮಗಳ ಬಳಿ ಸ್ಮಾರ್ಟ್‌ಫೋನ್ ಇದ್ದು ಇಂಟರ್ನೆಟ್ಟೂ ಇರುವುದಾದರೆ ಮೊದಲನೆಯ ದಾರಿಯೇ ಸಾಕು, ಉಳಿದೆರಡರ ತಂಟೆಗೆ ಹೋಗಬೇಡಿ. ಅವಳ ಕಚೇರಿಯ ಸ್ಥಿರ ದೂರವಾಣಿಗೋ ಇಂಟರ್ನೆಟ್ ಬಳಸದ ಬಂಧುವಿಗೋ ಕರೆ ಮಾಡಬೇಕಾದಾಗ ಮಾತ್ರ ಎರಡನೆಯದು ಬೇಕಾಗುತ್ತದೆ.

ಪ್ರಶ್ನೆ: ಇಂಟರ್ನೆಟ್ಟಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೇನೆ. ಹಾಗಿದ್ದೂ ಮೊಬೈಲ್ ನಂಬರಿಗೆ ಕರೆ ಮಾಡಲು ಮತ್ತೆ ನಿಮಿಷಕ್ಕೆ ಇಷ್ಟು ಎಂದು ಕೇಳುವುದು ಯಾವ ನ್ಯಾಯ?

ಉತ್ತರ: ಕರೆಯ ಬೆನ್ನು ಹತ್ತಿ ಒಮ್ಮೆ ನಡೆದು ಬಂದರೆ ಹಣ ಎಲ್ಲಿ ಖರ್ಚಾಗುತ್ತದೆ ಎಂಬುದು ಕಾಣುತ್ತದೆ.

ನೀವು ಮೈಕಿನಲ್ಲಿ ಆಡಿದ ಮಾತನ್ನು ಕಂಪ್ಯೂಟರ್ ಅಂಕಿಗಳಾಗಿ ಬದಲಿಸುತ್ತದೆ. ಟೆಲಿಫೋನ್ ಲೋಕದ ಹಳೆಯ ಮಾನಕವಾದ ಜಿ.711ರ ಪ್ರಕಾರ ಸೆಕೆಂಡಿಗೆ 8,000 ಸಲ ಧ್ವನಿಯ ಅಳತೆ ತೆಗೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯಲಾಗುತ್ತದೆ. ಅಂದರೆ ಸೆಕೆಂಡಿಗೆ 64,000 ಬಿಟ್‌ಗಳು. ಇವನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನಷ್ಟು ಮಾತಿನ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಒಂದೊಂದು ಪ್ಯಾಕೆಟ್ಟಿನಲ್ಲಿ ತುಂಬಿ ಕಳಿಸುತ್ತಾರೆ. ಒಂದು ಪ್ಯಾಕೆಟ್ಟಿನಲ್ಲಿ ಮಾತು 160 ಬೈಟ್ (8 ಬಿಟ್ ಸೇರಿದರೆ ಒಂದು ಬೈಟ್) ಇದ್ದರೆ, ಅದರ ಮೇಲಿನ ವಿಳಾಸ ಮೊದಲಾದ ವಿವರವೇ 40 ಬೈಟ್ ಆಗುತ್ತದೆ. ಸೆಕೆಂಡಿಗೆ ಇಂಥ 50 ಪ್ಯಾಕೆಟ್ಟುಗಳು ನಿಮ್ಮ ಮನೆಯಿಂದ ಹೊರಡುತ್ತವೆ, ಅಷ್ಟೇ ಒಳಗೂ ಬರುತ್ತವೆ. ಇಷ್ಟರ ಹೊಣೆ ನಿಮ್ಮ ಇಂಟರ್ನೆಟ್ ಸಂಪರ್ಕದ್ದು, ಅದಕ್ಕೆ ನೀವು ಹಣ ಕಟ್ಟಿದ್ದೀರಿ.

ಪ್ಯಾಕೆಟ್ಟುಗಳು ಮುಂದೆ ‘ಗೇಟ್‌ವೇ’ ಎಂಬ ಯಂತ್ರವನ್ನು ಮುಟ್ಟುತ್ತವೆ. ಅದರ ಒಂದು ಬಾಗಿಲು ಇಂಟರ್ನೆಟ್ಟಿನ ಕಡೆಗಿದ್ದರೆ ಇನ್ನೊಂದು ಟೆಲಿಫೋನ್ ಜಾಲದ ಕಡೆಗಿರುತ್ತದೆ. ನೀವು ಒತ್ತಿದ ಸಂಖ್ಯೆಯ ಮೊದಲ ಒಂದರಿಂದ ಮೂರು ಅಂಕಿಗಳಿಂದ ದೇಶವನ್ನು ಗುರುತಿಸಿ, ಆ ದೇಶದ ಯಾವ ಕಂಪನಿಯ ಬಳಿ ಆ ಸಂಖ್ಯೆ ಇದೆ ಎಂಬುದನ್ನು ಪತ್ತೆ ಮಾಡಿ, ಕರೆಯನ್ನು ಆ ಕಂಪನಿಗೆ ಮುಟ್ಟಿಸಬೇಕು. ಕೆಲವೊಮ್ಮೆ ನಡುವೆ ಎರಡು ಮೂರು ಕಂಪನಿಗಳು ಕೈ ಬದಲಾಯಿಸುತ್ತವೆ. ಕೊನೆಗೆ ಆ ಮೊಬೈಲ್ ಕಂಪನಿ ತನ್ನ ಟವರುಗಳ ಮೂಲಕ ಆ ಫೋನ್ ಸದ್ಯ ಎಲ್ಲಿದೆಯೆಂದು ಹುಡುಕಿ ರಿಂಗ್ ಮಾಡುತ್ತದೆ. ಬಹಳಷ್ಟು ದೇಶಗಳಲ್ಲಿ, ಹೊರಗಿನಿಂದ ಬಂದ ಕರೆಯನ್ನು ತನ್ನ ಗ್ರಾಹಕರಿಗೆ ತಲುಪಿಸಿದ್ದಕ್ಕಾಗಿ ಆ ಕಂಪನಿ ಕರೆ ತಂದವರಿಂದ ನಿಮಿಷದ ಲೆಕ್ಕದಲ್ಲಿ ಶುಲ್ಕ ವಸೂಲು ಮಾಡುತ್ತದೆ. ನಿಮ್ಮಿಂದ ಕೇಳುವ ಹಣದ ದೊಡ್ಡ ಪಾಲು ಇದೇ. ಇಂಟರ್ನೆಟ್ ಮಾರ್ಗದಲ್ಲಿ ದೂರಕ್ಕೆ ಬೆಲೆಯಿಲ್ಲವಾದರೂ ಒಂದು ದೇಶದ ಮೊಬೈಲಿಗೆ ಅಗ್ಗ, ಪಕ್ಕದ ದೇಶದ ಮೊಬೈಲಿಗೆ ದುಬಾರಿ ಎಂಬ ವಿಚಿತ್ರ ದರಪಟ್ಟಿಗಳನ್ನು ನೀವು ನೋಡಿರಬಹುದು. ಕೊನೆಯ ಮೆಟ್ಟಿಲಿನ ಈ ಶುಲ್ಕ ದೇಶದಿಂದ ದೇಶಕ್ಕೆ ಬೇರೆಯಾಗಿರುವುದು ಅದಕ್ಕೆ ಮುಖ್ಯ ಕಾರಣ. ಎಷ್ಟೋ ದೇಶಗಳಲ್ಲಿ ಸ್ಥಿರ ದೂರವಾಣಿಗಿಂತ ಮೊಬೈಲಿಗೆ ಮಾಡುವ ಕರೆ ದುಬಾರಿಯಾಗಿರುವುದಕ್ಕೂ ಕಾರಣ ಇದೇ.

ಧ್ವನಿಯನ್ನು ಪ್ಯಾಕೆಟ್ಟಿನಲ್ಲಿ ಕಳಿಸುವ ವಿದ್ಯೆ ಹೊಸದೇನಲ್ಲ. ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1974ರಲ್ಲೇ ಅದರ ಪ್ರಯೋಗ ನಡೆದಿತ್ತು. 1995ರಲ್ಲಿ ವೋಕಲ್‌ಟೆಕ್ ಎಂಬ ಕಂಪನಿಯ ತಂತ್ರಾಂಶ ಮಾರುಕಟ್ಟೆಗೆ ಬಂದಾಗ ಎರಡೂ ಕಡೆ ಕಂಪ್ಯೂಟರ್ ಇರಬೇಕಿತ್ತು, ಎರಡರಲ್ಲೂ ಅದೇ ತಂತ್ರಾಂಶ ಇರಬೇಕಿತ್ತು. 2003ರಲ್ಲಿ ಆರಂಭವಾದ ಸ್ಕೈಪ್ ಕೂಡ ಮೊದಲಿಗೆ ಹಾಗೆಯೇ ಇದ್ದು, ಮಾರನೆಯ ವರ್ಷ ಫೋನ್ ನಂಬರುಗಳಿಗೆ ಕರೆ ಮಾಡುವ ಸೌಲಭ್ಯವನ್ನು ಪ್ರತ್ಯೇಕ ಶುಲ್ಕವಿಟ್ಟು ಸೇರಿಸಿತು. ಆ್ಯಪ್‌ನಿಂದ ಆ್ಯಪ್‌ಗೆ ಉಚಿತ, ನಂಬರಿಗೆ ಶುಲ್ಕ ಎಂಬ ಗೆರೆ ಅಂದಿನಿಂದಲೂ ಅಳಿಸಿಲ್ಲ.

ಪ್ರಶ್ನೆ: ಸ್ಕೈಪ್ ನಿಂತುಹೋಯಿತಲ್ಲ, ಅದರ ಬದಲಿಗೆ ಏನನ್ನು ಬಳಸಬೇಕು? ನೋಂದಣಿಯನ್ನೂ ಕೇಳದೆ ಪೂರ್ತಿ ಉಚಿತವಾಗಿ ಕರೆ ಮಾಡಲು ಬಿಡುವ ಜಾಲತಾಣಗಳು ಸುರಕ್ಷಿತವೆ?

ಉತ್ತರ: ಸ್ಕೈಪ್ 2025ರ ಮೇ 5ರಂದು ಮುಚ್ಚಿತು. 2011ರಲ್ಲಿ 850 ಕೋಟಿ ಡಾಲರ್ ಕೊಟ್ಟು ಅದನ್ನು ಕೊಳ್ಳಲು ಮುಂದಾಗಿದ್ದ ಮೈಕ್ರೋಸಾಫ್ಟ್, ಬಳಕೆದಾರರನ್ನು ತನ್ನ ‘ಟೀಮ್ಸ್’ ಕಡೆಗೆ ಕಳಿಸಿತು. ನಂಬರಿಗೆ ಕರೆ ಮಾಡಲು ಗೂಗಲ್ ವಾಯ್ಸ್ ಇದೆಯಾದರೂ ಅದರ ಖಾತೆ ಎಲ್ಲ ದೇಶಗಳವರಿಗೂ ಸಿಗುವುದಿಲ್ಲ. ಇವಲ್ಲದೆ ‘ಸಿಪ್’ ಎಂಬ ಮುಕ್ತ ಮಾನಕವನ್ನು ಬಳಸಿ ಸೇವೆ ಕೊಡುವ ಕಂಪನಿಗಳು ಹಲವಾರಿವೆ. ಇದರಲ್ಲಿ ಕರೆಯ ಸೇವೆಯನ್ನು ಒಬ್ಬರಿಂದ ಕೊಂಡು, ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ತಂತ್ರಾಂಶವನ್ನು ನಿಮಗೆ ಬೇಕಾದಂತೆ ಬೇರೆಯವರದನ್ನು ಆರಿಸಿಕೊಳ್ಳಬಹುದು. ಸೇವೆ ಕೊಡುವವರು ಅಂಗಡಿ ಮುಚ್ಚಿದರೂ ತಂತ್ರಾಂಶ ನಿಮ್ಮ ಬಳಿಯೇ ಉಳಿಯುತ್ತದೆ. ಖಾತೆಯ ವಿವರಗಳನ್ನು ಬದಲಿಸಿದರೆ ಸಾಕು. ಮೊದಲ ಸಲ ಹೊಂದಿಸಲು ಅರ್ಧ ಗಂಟೆ ಹೆಣಗಬೇಕಾಗಬಹುದು, ಆದರೂ ನಂಬರುಗಳಿಗೆ ಆಗಾಗ ಕರೆ ಮಾಡುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಎಲ್ಲಿಯೇ ಆಗಲಿ, ದೊಡ್ಡ ಮೊತ್ತವನ್ನು ಒಮ್ಮೆಲೇ ಮುಂಗಡವಾಗಿ ತುಂಬಬೇಡಿ. ತುಂಬಿದ ಹಣಕ್ಕೆ ಅವಧಿ ಉಂಟೇ, ಕರೆ ಸೇರಿಸಿದ್ದಕ್ಕೆ ಪ್ರತ್ಯೇಕ ಶುಲ್ಕ ಉಂಟೇ ಎಂಬುದನ್ನು ಮೊದಲೇ ಓದಿಕೊಳ್ಳಿ.

ಪೂರ್ತಿ ಉಚಿತ ಎನ್ನುವ ತಾಣಗಳ ಮಾತಿಗೆ ಬಂದರೆ, ಹಿಂದಿನ ಉತ್ತರದಲ್ಲಿ ಹೇಳಿದ ಶುಲ್ಕವನ್ನು ಯಾರಾದರೊಬ್ಬರು ಕೊಡಲೇಬೇಕಲ್ಲವೆ? ಗೂಗಲ್ 2010ರಲ್ಲಿ ಜಿಮೇಲ್‌ನಿಂದ ಅಮೆರಿಕ ಮತ್ತು ಕೆನಡಾದ ಫೋನುಗಳಿಗೆ ಉಚಿತ ಕರೆಯನ್ನು ಆರಂಭಿಸಿದಾಗ ಆ ಖರ್ಚನ್ನು ತಾನು ಹೊತ್ತಿತು. ಹೆಸರೇ ಕೇಳಿರದ ತಾಣವೊಂದು ಅದನ್ನು ಜಾಹೀರಾತಿನಿಂದ ತುಂಬಿಕೊಳ್ಳಬಹುದು. ಇಲ್ಲವೆ, ನೀವು ಒತ್ತಿದ ನಂಬರುಗಳನ್ನು ಮಾರಿ ತುಂಬಿಕೊಳ್ಳಬಹುದು. ಆಗ ತೊಂದರೆಯಾಗುವುದು ನಿಮಗಲ್ಲ, ನೀವು ಕರೆ ಮಾಡಿದ ಬಂಧುಗಳಿಗೆ. ಮೈಕಿಗೆ ಅನುಮತಿ ಕೇಳುವುದು ಸಹಜ. ಸಂಪರ್ಕಗಳ ಪಟ್ಟಿಯನ್ನೋ ಇಮೇಲ್‌ನ ಪಾಸ್‌ವರ್ಡನ್ನೋ ಕೇಳಿದರೆ ಅಲ್ಲಿಂದ ಎದ್ದುಬನ್ನಿ.

ಪ್ರಶ್ನೆ: ನನ್ನ ಇಂಟರ್ನೆಟ್ ವೇಗವಾಗಿಯೇ ಇದೆ, ಸಿನಿಮಾ ತಡೆಯಿಲ್ಲದೆ ಓಡುತ್ತದೆ. ಆದರೆ ಕಂಪ್ಯೂಟರಿನಿಂದ ಫೋನ್ ಮಾಡಿದರೆ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ನನ್ನ ದನಿಯೇ ನನಗೆ ತಿರುಗಿ ಕೇಳುತ್ತದೆ. ಒಮ್ಮೊಮ್ಮೆ ಅತ್ತಲಿನವರ ಮಾತು ಕೇಳಿಸುವುದೇ ಇಲ್ಲ.

ಉತ್ತರ: ಇವು ಮೂರು ಬೇರೆ ಬೇರೆ ಕಾಯಿಲೆಗಳು, ಒಂದೇ ಔಷಧಿಯಿಂದ ವಾಸಿಯಾಗುವುದಿಲ್ಲ.

ಸಿನಿಮಾ ಓಡುವಾಗ ಕಂಪ್ಯೂಟರ್ ಮುಂದಿನ ಹಲವು ಸೆಕೆಂಡುಗಳ ದೃಶ್ಯವನ್ನು ಮೊದಲೇ ತರಿಸಿ ಕೂಡಿಟ್ಟುಕೊಂಡಿರುತ್ತದೆ. ದಾರಿಯಲ್ಲಿ ಕ್ಷಣಕಾಲ ಅಡ್ಡಿಯಾದರೂ ಅದು ನಿಮಗೆ ಗೊತ್ತಾಗುವುದಿಲ್ಲ. ಇನ್ನೂ ಆಡದ ಮಾತನ್ನು ಹೀಗೆ ಕೂಡಿಡಲು ಬರುವುದಿಲ್ಲ. ಬಾಯಿಯಿಂದ ಕಿವಿಗೆ ಮಾತು ಮುಟ್ಟಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅದನ್ನು ಬಹಳವಾಗಿ ಮೀರಿದರೆ ಇಬ್ಬರೂ ಒಟ್ಟಿಗೆ ಮಾತು ಆರಂಭಿಸಿ, ಒಟ್ಟಿಗೆ ನಿಲ್ಲಿಸುವ ಪೇಚಾಟ ಶುರುವಾಗುತ್ತದೆ. ಹೀಗಾಗಿ ತಡವಾಗಿ ಬಂದ ಪ್ಯಾಕೆಟ್ಟನ್ನು ಕಾಯದೆ ಎಸೆದುಬಿಡುತ್ತಾರೆ, ಅದು ಬಿಟ್ಟ ಖಾಲಿ ಜಾಗಗಳಿಂದಲೇ ಮಾತು ನಿಮಗೆ ತುಂಡು ತುಂಡಾಗಿ ಕೇಳಿಸುತ್ತದೆ. ಕರೆಗೆ ಬೇಕಾದ ವೇಗ ಒಂದೊಂದು ದಿಕ್ಕಿಗೆ ಸೆಕೆಂಡಿಗೆ 100 ಕಿಲೋಬಿಟ್ ಇದ್ದರೆ ಸಾಕು. ಬೇಕಾದದ್ದು ಪ್ಯಾಕೆಟ್ಟುಗಳು ಸಮನಾದ ಅಂತರದಲ್ಲಿ ಬರುವುದು. ಮನೆಯಲ್ಲಿ ಬೇರೊಬ್ಬರು ದೊಡ್ಡ ವಿಡಿಯೋವನ್ನು ಇಂಟರ್ನೆಟ್ಟಿಗೆ ಏರಿಸುತ್ತಿದ್ದರೆ ನಿಮ್ಮ ಸಣ್ಣ ಪ್ಯಾಕೆಟ್ಟುಗಳು ಅದರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ವೈಫೈ ಬಿಟ್ಟು ಕಂಪ್ಯೂಟರನ್ನು ತಂತಿಯಿಂದ ರೂಟರಿಗೆ ಜೋಡಿಸಿ ನೋಡಿ. ಈ ದೂರುಗಳಲ್ಲಿ ಎಷ್ಟೋ ಅಲ್ಲಿಗೇ ಮುಗಿಯುತ್ತವೆ.

ಪ್ರತಿಧ್ವನಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ನಿಮ್ಮ ದನಿ ನಿಮಗೆ ತಿರುಗಿ ಕೇಳಿಸಿದರೆ ದೋಷ ಸಾಮಾನ್ಯವಾಗಿ ಆ ಕಡೆ ಇರುತ್ತದೆ. ಅವರ ಸ್ಪೀಕರಿನಿಂದ ಹೊರಬಂದ ನಿಮ್ಮ ಮಾತು ಅವರ ಮೈಕಿಗೆ ಹೊಕ್ಕು ಹಿಂದಿರುಗುತ್ತಿರುತ್ತದೆ. ನೀವು ಹೆಡ್‌ಸೆಟ್ ಹಾಕಿಕೊಂಡರೆ ಅವರಿಗೆ ಅನುಕೂಲ, ಅವರು ಸ್ಪೀಕರ್ ಆರಿಸಿ ಫೋನನ್ನು ಕಿವಿಗಿಟ್ಟುಕೊಂಡರೆ ನಿಮಗೆ ಅನುಕೂಲ. ಬ್ಲೂಟೂತ್ ಹೆಡ್‌ಸೆಟ್ಟಾದರೆ ಇನ್ನೊಂದು ಸಂಗತಿ ತಿಳಿದಿರಲಿ: ಅದರ ಮೈಕು ಚಾಲೂ ಆದ ಕೂಡಲೇ ಸಾಮಾನ್ಯವಾಗಿ ಹಾಡು ಕೇಳುವ ಗುಣಮಟ್ಟ ಹೋಗಿ, ಫೋನಿನ ಸಪ್ಪೆ ಗುಣಮಟ್ಟ ಬರುತ್ತದೆ. ಹೆಡ್‌ಸೆಟ್ ಕೆಟ್ಟಿದೆಯೆಂದು ಅಂಗಡಿಗೆ ಓಡಬೇಡಿ.

ಒಂದೇ ಕಡೆಯ ಮಾತು ಕೇಳಿಸುವುದಕ್ಕೆ ಬಹುಮಟ್ಟಿಗೆ ರೂಟರ್ ಕಾರಣ. ಕರೆಯನ್ನು ಹೂಡುವ ಸಂದೇಶಗಳು ಒಂದು ದಾರಿಯಲ್ಲಿ, ಧ್ವನಿಯ ಪ್ಯಾಕೆಟ್ಟುಗಳು ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ರಿಂಗಾಗಿ, ಅತ್ತಲಿನವರು ಎತ್ತಿದ ಮೇಲೂ, ಬರುವ ಧ್ವನಿ ಮನೆಯೊಳಗಿನ ಯಾವ ಯಂತ್ರಕ್ಕೆ ಸೇರಬೇಕೆಂದು ತಿಳಿಯದೆ ರೂಟರ್ ಅದನ್ನು ಹೊರಗೇ ನಿಲ್ಲಿಸಿಬಿಡಬಹುದು. ಸಿಪ್ ಸೇವೆಯನ್ನು ಬಳಸುತ್ತಿದ್ದರೆ ರೂಟರಿನ ಆಯ್ಕೆಗಳಲ್ಲಿ ‘ಸಿಪ್ ಎಎಲ್‌ಜಿ’ ಎಂಬುದನ್ನು ಹುಡುಕಿ ಆಫ್ ಮಾಡಿ ನೋಡಿ. ಸಹಾಯಕ್ಕೆಂದೇ ಇಟ್ಟ ಸೌಲಭ್ಯವಾದರೂ ಅದು ಉಪಕಾರಕ್ಕಿಂತ ಅಪಕಾರ ಮಾಡಿರುವುದೇ ಹೆಚ್ಚು.

ಪ್ರಶ್ನೆ: ಕಂಪ್ಯೂಟರಿನಿಂದ ಕರೆ ಮಾಡಿದಾಗ ಆ ಕಡೆಯವರಿಗೆ ಯಾವುದೋ ಅಪರಿಚಿತ ನಂಬರ್ ಕಾಣಿಸುತ್ತದಂತೆ, ಹಾಗಾಗಿ ಎತ್ತುವುದಿಲ್ಲ. ನನ್ನ ಮೊಬೈಲ್ ನಂಬರೇ ಕಾಣಿಸುವಂತೆ ಮಾಡಬಹುದೆ?

ಉತ್ತರ: ಕೆಲವು ಸೇವೆಗಳಲ್ಲಿ ಮಾಡಬಹುದು. ನಿಮ್ಮ ಮೊಬೈಲಿಗೆ ಒಂದು ಸಂಕೇತ ಕಳಿಸಿ, ನಂಬರ್ ನಿಮ್ಮದೇ ಎಂದು ಖಚಿತಪಡಿಸಿಕೊಂಡ ಮೇಲೆ ಅದನ್ನು ತೋರಿಸುತ್ತಾರೆ. ಖಚಿತಪಡಿಸಿಕೊಳ್ಳದೆ ಯಾವ ನಂಬರನ್ನಾದರೂ ತೋರಿಸಲು ಬಿಡುವ ಸೇವೆಯಿದ್ದರೆ ಅದು ವಂಚಕರಿಗೆ ಪ್ರಿಯವಾದದ್ದು, ನೀವು ಅದರ ಗ್ರಾಹಕರಾಗಬೇಡಿ. ಪರದೆಯ ಮೇಲೆ ಕಾಣುವ ನಂಬರನ್ನು ಕಂಡೇ ಕರೆ ಮಾಡಿದವರು ಬ್ಯಾಂಕಿನವರೆಂದು ನಂಬಬಾರದು ಎನ್ನುವುದು ಇದೇ ಕಾರಣಕ್ಕೆ. ನಿಮ್ಮ ನಂಬರನ್ನು ತೋರಿಸಿದರೂ ಹೊರದೇಶದ ಜಾಲವನ್ನು ಹಾಯುವಾಗ ಅದು ಅಳಿಸಿಹೋಗುವುದುಂಟು. ಕರೆ ಮಾಡುವ ಮೊದಲು ಒಂದು ಸಂದೇಶ ಕಳಿಸುವುದು ಮೇಲು.

ಪ್ರಶ್ನೆ: ತುರ್ತು ಸಂದರ್ಭದಲ್ಲಿ ಆಂಬುಲೆನ್ಸ್, ಪೊಲೀಸ್ ನಂಬರುಗಳಿಗೂ ಕಂಪ್ಯೂಟರಿನಿಂದಲೇ ಕರೆ ಮಾಡಬಹುದೆ?

ಉತ್ತರ: ಅದನ್ನು ನೆಚ್ಚಬೇಡಿ. ಇಂಥ ಎಷ್ಟೋ ಸೇವೆಗಳಲ್ಲಿ ತುರ್ತು ನಂಬರುಗಳು ಹೋಗುವುದೇ ಇಲ್ಲ. ಹೋದರೂ ನೀವಿರುವ ಜಾಗ ಅವರಿಗೆ ತಿಳಿಯದಿರಬಹುದು. ಮೊಬೈಲಿನ ಜಾಗವನ್ನು ಟವರಿನಿಂದ ಅಂದಾಜು ಮಾಡಬಹುದು. ಇಂಟರ್ನೆಟ್ ಕರೆಯಲ್ಲಿ ಅವರ ಕೈಗೆ ಸಿಗುವುದು ಖಾತೆ ತೆರೆಯುವಾಗ ನೀವು ಬರೆದ ಹಳೆಯ ವಿಳಾಸವಾಗಿರಬಹುದು. ವಿದ್ಯುತ್ ಹೋದರೆ ರೂಟರಿನೊಂದಿಗೆ ನಿಮ್ಮ ಫೋನೂ ಹೋಯಿತು. ಮೊಬೈಲಿನ ಚಾರ್ಜನ್ನು ಇದಕ್ಕಾಗಿ ಉಳಿಸಿಕೊಳ್ಳಿ.

ಪ್ರಶ್ನೆ: ಗ್ರಾಹಕ ಸೇವೆಗೆ ಕಂಪ್ಯೂಟರಿನಿಂದ ಕರೆ ಮಾಡಿದಾಗ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುತ್ತಾರೆ. ಕೀಬೋರ್ಡಿನಲ್ಲಿ ಎಷ್ಟು ಒತ್ತಿದರೂ ಅವರಿಗೆ ಗೊತ್ತಾಗುವುದಿಲ್ಲ.

ಉತ್ತರ: ಕರೆ ನಡೆಯುತ್ತಿರುವಾಗ ಕೀಬೋರ್ಡಿನ ಅಂಕಿಗಳ ಬದಲು, ಅದೇ ಕರೆಯ ಕಿಟಕಿಯಲ್ಲಿರುವ ಅಂಕಿಗಳ ಫಲಕವನ್ನು ತೆರೆದು ಒತ್ತಬೇಕು. ಫೋನಿನ ಒಂದೊಂದು ಅಂಕಿಯೂ ಎರಡು ಸ್ವರಗಳ ಜೋಡಿ; ಧ್ವನಿಯನ್ನು ಬಹಳ ಕುಗ್ಗಿಸಿ ಕಳಿಸುವಾಗ ಆ ಸ್ವರಗಳು ಕೆಟ್ಟುಹೋಗುತ್ತವೆ. ಇದಕ್ಕಾಗಿ, ‘ಐದನ್ನು ಒತ್ತಿದರು’ ಎಂಬ ಸುದ್ದಿಯನ್ನು ಧ್ವನಿಯೊಡನೆ ಬೆರೆಸದೆ ಬೇರೆಯೇ ಪ್ಯಾಕೆಟ್ಟಿನಲ್ಲಿ ಕಳಿಸುವ ಕ್ರಮವಿದೆ. ಫಲಕದಿಂದ ಒತ್ತಿಯೂ ಆಗದಿದ್ದರೆ, ತಂತ್ರಾಂಶದ ಆಯ್ಕೆಗಳಲ್ಲಿ ‘ಡಿಟಿಎಮ್‌ಎಫ್’ (ಈ ಜೋಡಿ ಸ್ವರಗಳ ಹೆಸರು) ಎಂಬುದರ ಮುಂದೆ ‘ಆರ್‌ಎಫ್‌ಸಿ 2833’ ಅಥವಾ ಅದರ ಬದಲಿಗೆ ಬಂದ ‘4733’ ಎಂಬುದನ್ನು ಆರಿಸಿ. ಅದಾದ ಮೇಲೂ ಅತ್ತಲಿನ ಯಂತ್ರ ಕಿವುಡಾಗಿಯೇ ಇದ್ದರೆ ಏನನ್ನೂ ಒತ್ತದೆ ಸುಮ್ಮನೆ ಕಾದು ನೋಡಿ, ಕೆಲವು ಕಡೆ ಸ್ವಲ್ಪ ಹೊತ್ತಿನ ಮೇಲೆ ಮನುಷ್ಯರೊಬ್ಬರಿಗೆ ಕರೆಯನ್ನು ದಾಟಿಸುತ್ತಾರೆ.