ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ 360 ಮತ್ತು ಪಿಎಸ್3: ಯಾವುದು ಜಾಸ್ತಿ ಬಾಳಿಕೆ ಬರುತ್ತದೆ?

ತಮ್ಮನಿಗೆ ಒಂದು ಹಳೆಯ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಕೊಡಿಸಬೇಕು, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಮತ್ತು ಸೋನಿಯ ಪಿಎಸ್3 (ಪ್ಲೇಸ್ಟೇಷನ್ 3) ಎರಡೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುತ್ತಿವೆ, ಯಾವುದು ಬೇಗ ಕೆಡುವುದಿಲ್ಲ ಎಂದು ಕೇಳಿದ್ದೀರಿ. ನಾನು ಕಾಲೇಜಿನ ದಿನಗಳಿಂದ ಇವೆರಡನ್ನೂ ಬಿಚ್ಚಿ, ತೊಳೆದು, ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಪೇಸ್ಟ್ ಹಚ್ಚಿ ಜೋಡಿಸುತ್ತಾ ಬಂದಿದ್ದೇನೆ. ನನ್ನ ಉತ್ತರ ಇಷ್ಟು: ಕಂಪನಿಯ ಹೆಸರು ನೋಡಿ ಕೊಳ್ಳಬೇಡಿ. ಪೆಟ್ಟಿಗೆಯ ಹಿಂದಿನ ಲೇಬಲ್ ನೋಡಿ ಕೊಳ್ಳಿ. 2006ರ 360ಕ್ಕೂ 2010ರ 360ಕ್ಕೂ ಹೆಸರೊಂದೇ ಸಮ, ಒಳಗಿರುವುದು ಬೇರೆಯೇ ಯಂತ್ರ. ಪಿಎಸ್3 ಕಥೆಯೂ ಹಾಗೇ.

ಎಕ್ಸ್‌ಬಾಕ್ಸ್ 360 ಅಮೆರಿಕದಲ್ಲಿ ಬಿಡುಗಡೆಯಾದದ್ದು 2005ರ ನವೆಂಬರ್‌ನಲ್ಲಿ. ಅದರ ಪವರ್ ಬಟನ್ ಸುತ್ತ ನಾಲ್ಕು ಭಾಗಗಳ ಒಂದು ಬಳೆಯಂಥ ಲೈಟ್ ಇದೆ. ಅದರಲ್ಲಿ ಮೂರು ಭಾಗ ಕೆಂಪಾಗಿ ಮಿನುಗಿದರೆ ಒಳಗೆ ಹಾರ್ಡ್‌ವೇರ್ ಕೈಕೊಟ್ಟಿದೆ ಎಂದರ್ಥ. 'ರೆಡ್ ರಿಂಗ್ ಆಫ್ ಡೆತ್' ಎಂದು ಜನ ಕರೆದದ್ದು ಇದನ್ನೇ. ದೂರುಗಳು ಎಷ್ಟು ಬಂದವೆಂದರೆ 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ಒಂದು ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು. ಅದಕ್ಕಾಗಿ ನೂರು ಕೋಟಿ ಡಾಲರಿಗೂ ಮೀರಿದ ಹಣ ತೆಗೆದಿಟ್ಟಿತು.

2009ರಲ್ಲಿ ಸ್ಕ್ವೇರ್‌ಟ್ರೇಡ್ ಎಂಬ ವಾರಂಟಿ ಕಂಪನಿ ತನ್ನ ಗ್ರಾಹಕರ ಸುಮಾರು 16,000 ಕನ್ಸೋಲ್‌ಗಳ ಲೆಕ್ಕ ಹೊರಗೆ ಬಿಟ್ಟಿತು. ಎರಡು ವರ್ಷದೊಳಗೆ ಕೆಟ್ಟದ್ದು 360ರಲ್ಲಿ ಶೇ. 23.7, ಪಿಎಸ್3ರಲ್ಲಿ ಶೇ. 10, ಅದೇ ಕಾಲದ ಇನ್ನೊಂದು ಕನ್ಸೋಲ್ ನಿಂಟೆಂಡೊ ವೀಯಲ್ಲಿ ಬರೀ ಶೇ. 2.7. ಈ ಅಂಕಿಗಳನ್ನು ಇಂದಿಗೂ ಎಲ್ಲರೂ ಎತ್ತಿ ತೋರಿಸುತ್ತಾರೆ. ಆದರೆ ಇವು ಆ ಕಾಲದ ಹಳೆಯ ಬೋರ್ಡ್‌ಗಳ (ಚಿಪ್ಪುಗಳೆಲ್ಲ ಕೂತಿರುವ ಒಳಗಿನ ಮುಖ್ಯ ಹಲಗೆ) ಅಂಕಿ. ಇವತ್ತು ನಿಮ್ಮ ಮುಂದೆ ಟೇಬಲ್ ಮೇಲಿರುವ ಪೆಟ್ಟಿಗೆ ಯಾವ ವರ್ಷದ್ದು ಎಂದು ಇವು ಹೇಳುವುದಿಲ್ಲ ಅಲ್ವಾ? ವೀ ಅಷ್ಟು ಗಟ್ಟಿ ಇದ್ದದ್ದಕ್ಕೂ ಸರಳ ಕಾರಣವಿದೆ. ಅದು ಆಡುವಾಗ ಎಳೆಯುವ ಕರೆಂಟು 20 ವಾಟ್ ಆಸುಪಾಸು. ಮೊದಲ 360 ಮತ್ತು ಪಿಎಸ್3 ಅದರ ಎಂಟು ಹತ್ತು ಪಟ್ಟು ಎಳೆಯುತ್ತಿದ್ದವು. ಅಷ್ಟೂ ಕೊನೆಗೆ ಬಿಸಿಯಾಗಿ ಹೊರಗೆ ಹೋಗಬೇಕು.

ಈ ಬಿಸಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೋಸ ಹೋಗುವುದು ಇಲ್ಲೇ. ಗ್ರಾಫಿಕ್ಸ್ ಚಿಪ್ ಎಂದರೆ ಒಂದು ಸಿಲಿಕಾನ್ ತುಂಡು. ಅದು ಒಂದು ಪುಟ್ಟ ಹಸಿರು ಹಲಗೆಯ ಮೇಲೆ ಕೂತಿರುತ್ತದೆ. ಇವೆರಡನ್ನೂ ಸೇರಿಸುವುದು ಸಾಸಿವೆಗಿಂತಲೂ ಸಣ್ಣ ಬೆಸುಗೆ ಚುಕ್ಕೆಗಳು. ಆನ್ ಮಾಡಿದಾಗ ಎರಡೂ ಹಿಗ್ಗುತ್ತವೆ, ಆಫ್ ಮಾಡಿದಾಗ ಕುಗ್ಗುತ್ತವೆ. ಆದರೆ ಒಂದೇ ಪ್ರಮಾಣದಲ್ಲಲ್ಲ. ಒಂದು ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಲೇ ಇದ್ದರೆ ಒಂದು ದಿನ ಮುರಿಯುತ್ತದಲ್ಲ, ಹಾಗೆ ಆ ಚುಕ್ಕೆಗಳು ಬಿರುಕು ಬಿಡುತ್ತವೆ. 360ರಲ್ಲಿ ಡಿವಿಡಿ ಡ್ರೈವ್ ಸರಿಯಾಗಿ ಗ್ರಾಫಿಕ್ಸ್ ಚಿಪ್ಪಿನ ಮೇಲೇ ಕೂತಿದೆ. ಹಾಗಾಗಿ ಅಲ್ಲಿ ಎತ್ತರದ ಹೀಟ್‌ಸಿಂಕ್ (ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತುಂಡು) ಇಡಲು ಜಾಗವೇ ಇರಲಿಲ್ಲ.

ಈಗ ರಿಪೇರಿಯ ವಿಷಯ. ಹೀಟ್ ಗನ್ ಹಿಡಿದು ಚಿಪ್ಪನ್ನು ಕಾಯಿಸಿದರೆ ಬಿರುಕು ಬಿಟ್ಟ ಜಾಗ ಮತ್ತೆ ತಾಗಿಕೊಂಡು ಯಂತ್ರ ಆನ್ ಆಗುತ್ತದೆ. ಟವೆಲ್ ಸುತ್ತಿ ಆನ್ ಮಾಡುವ ಹುಚ್ಚು ಉಪಾಯವೂ ಇದೇ. ಅದು ವಾಸಿಯಾದದ್ದಲ್ಲ. ನಾನು ಒಮ್ಮೆ ಒಂದು ಅಂಗಡಿಯಲ್ಲಿ 'ಫುಲ್ ಸರ್ವಿಸ್ ಆಗಿದೆ' ಎಂದು ನಂಬಿ ಒಂದು ಕನ್ಸೋಲ್ ತಂದೆ. ಮೂರನೇ ವಾರಕ್ಕೆ ಸತ್ತಿತು. ಬಿಚ್ಚಿ ನೋಡಿದರೆ ಚಿಪ್ಪಿನ ಸುತ್ತ ಬೋರ್ಡು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ನನ್ನಂಥವನಿಗೆ ಹಾಗಾದರೆ ಪರವಾಗಿಲ್ಲ, ಬಿಡಿಭಾಗಗಳಾದರೂ ಉಪಯೋಗಕ್ಕೆ ಬರುತ್ತವೆ. ತಮ್ಮನಿಗೆಂದು ದುಡ್ಡು ಕೂಡಿಟ್ಟು ತರುವವರಿಗೆ ಹಾಗಾಗಬಾರದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

360 ನೋಡುತ್ತಿದ್ದರೆ, ಹಿಂದೆ ಪವರ್ ಕೇಬಲ್ ಸಿಗಿಸುವ ಜಾಗದ ಹತ್ತಿರ ಲೇಬಲ್ ಹುಡುಕಿ. 12 ವೋಲ್ಟ್ ಪಕ್ಕದಲ್ಲಿ 16.5 ಆಂಪಿಯರ್ ಎಂದಿದ್ದರೆ ಮೊದಲ ಕಾಲದ ಬೋರ್ಡು, ಕೈ ಹಾಕಬೇಡಿ. 14.2 ಎಂದಿದ್ದರೆ ನಡುವಿನದು. 12.1 ಎಂದಿದ್ದರೆ ಅದು 2008ರ ಕೊನೆಗೆ ಬಂದ 'ಜಾಸ್ಪರ್' ಬೋರ್ಡು, ಸ್ಲಿಮ್ ಬರುವ ಮುಂಚಿನ ದಪ್ಪ ಮಾದರಿಗಳಲ್ಲೆಲ್ಲ ಒಳ್ಳೆಯದು. ಚಿಪ್ಪುಗಳು ಸಣ್ಣದಾದಷ್ಟೂ ಕರೆಂಟು ಕಡಿಮೆ, ಬಿಸಿ ಕಡಿಮೆ. ಆ ಮೂರು ಅಂಕಿಗಳು ಹೇಳುವುದು ಅದನ್ನೇ. ಅಡಾಪ್ಟರಿನ ಮೇಲಿರುವ ಅಂಕಿ ನಂಬಬೇಡಿ, ಅದನ್ನು ಯಾರಾದರೂ ಬದಲಾಯಿಸಿರಬಹುದು. 2010ರ ಜೂನ್‌ನಲ್ಲಿ ಬಂದ ಸ್ಲಿಮ್ ಮಾದರಿಯಲ್ಲಿ ಸಿಪಿಯು (ಮುಖ್ಯ ಚಿಪ್), ಜಿಪಿಯು (ಗ್ರಾಫಿಕ್ಸ್ ಚಿಪ್) ಎರಡನ್ನೂ ಒಂದೇ ಚಿಪ್ಪಿನಲ್ಲಿ ಸೇರಿಸಿದರು. ಅಲ್ಲಿಂದ ಮುಂದಕ್ಕೆ ಈ ಕಾಟ ಬಹುಪಾಲು ನಿಂತಿತು. ಇನ್ನೊಂದು ಮಾತು: ಅಮೆರಿಕದಿಂದ ನೆಂಟರು ತಂದ ದಪ್ಪ 360 ಆದರೆ ಅದರ ಅಡಾಪ್ಟರ್ ಅಲ್ಲಿನ 110 ವೋಲ್ಟಿಗೆ ಮಾಡಿದ್ದು. ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ.

ಪಿಎಸ್3 ಏನು ಸಾಚಾ ಅಲ್ಲ. 2006ರ ಕೊನೆಯಲ್ಲಿ ಬಂದ ದಪ್ಪ ಪಿಎಸ್3ಗಳಲ್ಲಿ ಹಸಿರು ಲೈಟ್ ಹತ್ತಿ, ಒಂದು ಕ್ಷಣ ಹಳದಿ ಮಿಂಚಿ, ಆಮೇಲೆ ಕೆಂಪು ಮಿನುಗಿ ನಿಂತುಹೋಗುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಚಿಪ್ಪಿಗೆ ಕರೆಂಟು ಕೊಡುವ ಚಪ್ಪಟೆ ಕೆಪಾಸಿಟರ್‌ಗಳು ಸೋತಿರುತ್ತವೆ. ಇನ್ನು ಕೆಲವದರಲ್ಲಿ ಗ್ರಾಫಿಕ್ಸ್ ಚಿಪ್ಪೇ ಹೋಗಿರುತ್ತದೆ. ನಾಲ್ಕು ಯುಎಸ್‌ಬಿ ಇರುವ 60 ಜಿಬಿ ಮಾದರಿಗೆ ಮಾರುವವರು ಜಾಸ್ತಿ ರೇಟು ಹೇಳುತ್ತಾರೆ, ಯಾಕೆಂದರೆ ಅದರಲ್ಲಿ ಪಿಎಸ್2 ಆಟಗಳೂ ಓಡುತ್ತವೆ. ನನಗೂ ಅದರ ಮೇಲೆ ತುಂಬಾ ಪ್ರೀತಿ. ಆದರೂ ಮೊದಲ ಕನ್ಸೋಲ್ ಆಗಿ ಅದು ಬೇಡವೇ ಬೇಡ. ಅತಿ ಹೆಚ್ಚು ಬಿಸಿಯಾಗುವುದು ಅದೇ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪಿಎಸ್3 ಸ್ಲಿಮ್ ಕೊಳ್ಳುತ್ತೇನೆ. ಲೇಬಲ್ಲಿನ ಮಾದರಿ ಸಂಖ್ಯೆಯಲ್ಲಿ CECH- ಆದ ಮೇಲೆ 21 ಅಥವಾ 25 ಎಂದು ಶುರುವಾಗಿದ್ದರೆ ಇನ್ನೂ ಒಳ್ಳೆಯದು, ಅವುಗಳಲ್ಲಿ ಗ್ರಾಫಿಕ್ಸ್ ಚಿಪ್ಪು 40 ನ್ಯಾನೊಮೀಟರಿನದು, ಅಂದರೆ ಹಿಂದಿನದಕ್ಕಿಂತ ಸಣ್ಣದು, ಬಿಸಿ ಕಡಿಮೆ. ಹಾರ್ಡ್ ಡಿಸ್ಕ್ ಹೋದರೆ ಲ್ಯಾಪ್‌ಟಾಪಿನ ಮಾಮೂಲಿ ಡಿಸ್ಕ್ ಹಾಕಿಕೊಳ್ಳಬಹುದು, ಒಂದು ಸ್ಕ್ರೂಡ್ರೈವರ್ ಸಾಕು. ಬ್ಲೂ-ರೇ ಸಿನಿಮಾನೂ ನೋಡಬಹುದು. 360ರ ಆನ್‌ಲೈನ್ ಅಂಗಡಿಯನ್ನು 2024ರ ಜುಲೈನಲ್ಲಿ ಮುಚ್ಚಿದ್ದಾರೆ. ಹಾಗಾಗಿ ಅದರಲ್ಲಿ ಹೊಸದಾಗಿ ಆಟ ಕೊಳ್ಳಲು ಡಿಸ್ಕ್ ಒಂದೇ ದಾರಿ. ಕಂಟ್ರೋಲರ್ ವಿಷಯಕ್ಕೆ ಬಂದರೆ ಮಾತ್ರ 360ರದ್ದೇ ಕೈಗೆ ಹಿತ, ಅದನ್ನು ಒಪ್ಪಲೇಬೇಕು.

ಯಾವುದೇ ಆಗಲಿ, ಅಂಗಡಿಯಲ್ಲಿ ಐದು ನಿಮಿಷ ಮೆನು ತೋರಿಸಿದ್ದನ್ನು ನೋಡಿ ದುಡ್ಡು ಕೊಡಬೇಡಿ. ಡಿಸ್ಕ್ ಹಾಕಿಸಿ. ಡಿಸ್ಕ್ ಓದುವ ಲೆನ್ಸ್ ಸೋತಿದ್ದರೆ ಅಲ್ಲೇ ಗೊತ್ತಾಗುತ್ತದೆ. ದೊಡ್ಡ ಆಟವೊಂದನ್ನು ಒಂದು ತಾಸು ಓಡಿಸಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿ. ಬೆಸುಗೆ ಬಿರುಕು ಬಿಟ್ಟ ಯಂತ್ರ ಎಷ್ಟೋ ಸಲ ಈ ಎರಡನೇ ಆನ್‌ನಲ್ಲೇ ಸಿಕ್ಕಿಬೀಳುತ್ತದೆ. ಸೀಲ್ ಹರಿದಿದ್ದರೆ ಯಾಕೆ ಬಿಚ್ಚಿದ್ದರು ಎಂದು ಕೇಳಿ. 'ಪೇಸ್ಟ್ ಬದಲಾಯಿಸಿದೆ' ಎಂದರೆ ಒಳ್ಳೆಯದೇ. 'ಹೀಟ್ ಮಾಡಿಸಿದೆ', 'ರಿಫ್ಲೋ ಆಗಿದೆ' (ಅದೂ ಚಿಪ್ಪು ಕಾಯಿಸುವುದೇ) ಎಂದರೆ ಸುಮ್ನೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಮನೆಗೆ ತಂದ ಮೇಲೆ ಬಾಗಿಲಿರುವ ಟಿವಿ ಸ್ಟ್ಯಾಂಡಿನೊಳಗೆ ಇಡಬೇಡಿ. ಆಡುವಾಗ ಮೇಲೆ ಬಟ್ಟೆ ಹೊದಿಸಬೇಡಿ. ನಿಮ್ಮ ಊರು ಬಳ್ಳಾರಿ, ರಾಯಚೂರು ಕಡೆ ಇದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನಿನ ಗಾಳಿ ತಾಗುವ ಕಡೆ ಇಡಿ. ಕೊಳ್ಳುವ ಮುಂಚೆ ಆ ಲೇಬಲ್ಲಿನ ಫೋಟೋ ಒಂದು ತೆಗೆದು ಸೀರಿಯಲ್ ನಂಬರ್ ಮುಚ್ಚಿ ಕಾಮೆಂಟಿನಲ್ಲಿ ಹಾಕಿ. ಯಾವ ಬೋರ್ಡು ಅಂತ ನೋಡಿ ಹೇಳುತ್ತೇನೆ.