ನಾಜಿ ಪಕ್ಷ ಸೇರಿದ್ದ ಜರ್ಮನ್ ತತ್ವಜ್ಞಾನಿ ಹೈಡೆಗರ್ ಅವರನ್ನು ಅವರ ಶಿಷ್ಯೆ, ಚಿಂತಕಿ ಹನ್ನಾ ಅರೆಂಟ್ ಕ್ಷಮಿಸಿದರು; ಗೆಳೆಯರೂ ತತ್ವಜ್ಞಾನಿಯೂ ಆಗಿದ್ದ ಯಾಸ್ಪರ್ಸ್ ಯಾಕೆ ಕ್ಷಮಿಸಲಿಲ್ಲ?

ಯಾಸ್ಪರ್ಸ್ ಹಗೆ ಸಾಧಿಸಿದರು ಅಂತ ನನಗನ್ನಿಸುವುದಿಲ್ಲ. ಗೆಳೆಯ ತಾನಾಗಿ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳಲಿ ಎಂದು ಕಾದರು, ಅಷ್ಟೇ.

1933ರಲ್ಲಿ ಹೈಡೆಗರ್ ಫ್ರೈಬುರ್ಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ನಾಜಿ ಪಕ್ಷ ಸೇರಿದರು. ಅದೇ ವರ್ಷ ಅವರ ಯಹೂದಿ ಶಿಷ್ಯೆ ಅರೆಂಟ್ ದೇಶ ಬಿಡಬೇಕಾಯಿತು. ಯಾಸ್ಪರ್ಸ್ ಅವರ ಹೆಂಡತಿಯೂ ಯಹೂದಿ. ಅದೇ ಕಾರಣಕ್ಕೆ 1937ರಲ್ಲಿ ಯಾಸ್ಪರ್ಸ್ ಅವರ ಪ್ರಾಧ್ಯಾಪಕ ಕೆಲಸ ಹೋಯಿತು. 1945ರ ಡಿಸೆಂಬರ್‌ನಲ್ಲಿ ಹೈಡೆಗರ್ ಅವರ ನಾಜಿ ನಂಟನ್ನು ತನಿಖೆ ಮಾಡುತ್ತಿದ್ದ ವಿಶ್ವವಿದ್ಯಾಲಯದ ಸಮಿತಿಗಾಗಿ ಯಾಸ್ಪರ್ಸ್ ಬರೆದದ್ದು ಇಷ್ಟು: ಹೈಡೆಗರ್ ಬರವಣಿಗೆ ನಿಲ್ಲಬಾರದು, ಅದಕ್ಕಾಗಿ ಅವರಿಗೆ ಪಿಂಚಣಿ ಕೊಡಿ, ಆದರೆ ಕೆಲವು ವರ್ಷ ಪಾಠ ಮಾಡಲು ಬಿಡಬೇಡಿ. ಸ್ನೇಹಿತನ ಹೊಟ್ಟೆಯನ್ನೂ ವಿದ್ಯಾರ್ಥಿಗಳ ತಲೆಯನ್ನೂ ಒಟ್ಟಿಗೆ ಕಾಯ್ದ ಈ ಪತ್ರ ನನಗೆ ಕ್ಷಮೆಗಿಂತ ದೊಡ್ಡದು.

1950ರಲ್ಲಿ ಹೈಡೆಗರ್, ನಾಚಿಕೆಯಿಂದ ನಿಮ್ಮ ಮನೆಗೆ ಬರಲಿಲ್ಲ ಎಂದು ಯಾಸ್ಪರ್ಸ್‌ಗೆ ಬರೆದರು. ಬಹಿರಂಗವಾಗಿ ಮಾತ್ರ ತಪ್ಪೊಪ್ಪಿಕೊಳ್ಳಲಿಲ್ಲ. ಅರೆಂಟ್ ಅದೇ ವರ್ಷ ಹೋಗಿ ಭೇಟಿಯಾದರು. ಮಾಡಿದ ಕೃತ್ಯವನ್ನು ಮಾಡಿದವನ ಸಲುವಾಗಿ ಕ್ಷಮಿಸುತ್ತೇವೆ ಎನ್ನುವುದು ಅವರ ನಿಲುವು.

ನಮ್ಮ ರಾಯಚೂರು, ಕೊಪ್ಪಳದವರಿಗೆ ಇದು ದೂರದ ಸಂಗತಿಯೇನಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಹೈದರಾಬಾದ್ ನಿಜಾಮನ ಆಳ್ವಿಕೆ ಮುಗಿಯಿತು. ನಿಜಾಮನ ಪರ ಇದ್ದ ಸಶಸ್ತ್ರ ಪಡೆ ರಜಾಕಾರರ ಹಾವಳಿ ಕಂಡವರು, ಅದಕ್ಕೆ ಸುಮ್ಮನಿದ್ದವರು ಮತ್ತೆ ಅದೇ ಸಂತೆಯಲ್ಲಿ ಎದುರಾಗಬೇಕಿತ್ತಲ್ಲ! ಜರ್ಮನರ ತಪ್ಪಿನ ಬಗ್ಗೆ ಯಾಸ್ಪರ್ಸ್ 1946ರಲ್ಲಿ ಮಾಡಿದ ವಿಂಗಡಣೆ ಇಲ್ಲಿಗೂ ಹೊಂದುತ್ತದೆ: ಅಪರಾಧವನ್ನು ಕೋರ್ಟು ತೀರ್ಮಾನಿಸಲಿ, ನೈತಿಕ ತಪ್ಪನ್ನು ತೂಗಬೇಕಾದದ್ದು ಸ್ವಂತ ಮನಸ್ಸಾಕ್ಷಿ ಮತ್ತು ಆಪ್ತರೊಂದಿಗಿನ ಮಾತುಕತೆ. ಹೈಡೆಗರ್ ತಪ್ಪಿಸಿಕೊಂಡದ್ದು ಈ ಎರಡನೆಯದರಿಂದಲೇ.