ಖಾಲಿ ಪಿಕಪ್ ಏರಿನಲ್ಲಿ ಜಾರಿದರೆ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಲೋಡು ಇದ್ದಾಗ ಬೊಲೆರೊ ಪಿಕಪ್ ಏರು ಆರಾಮಾಗಿ ಹತ್ತುತ್ತದೆ. ಮಳೆಯಲ್ಲಿ ಖಾಲಿ ಬಂದರೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಹಿಂದೆ ನಾಲ್ಕೈದು ಆಳುಗಳನ್ನು ನಿಲ್ಲಿಸಿದರೆ ಹತ್ತುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಮೊದಲು ಆಳುಗಳನ್ನು ಇಳಿಸಿ. ಪ್ರತಿ ಮಳೆಗಾಲ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಜನರನ್ನೇ ತೂಕದ ಕಲ್ಲು ಮಾಡಿಕೊಂಡಿರುತ್ತಾರೆ. ಗಾಡಿ ಹಿಂದಕ್ಕೆ ಜಾರಿ ಮಗುಚಿದರೆ ಅಡಿಗೆ ಸಿಗುವವರು ಅವರೇ. ಕಾನೂನೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್ ಎಲ್ಲ ಮುಂದೆ, ಗಾಡಿ ತಳ್ಳುವ ಚಕ್ರ ಹಿಂದೆ. ಖಾಲಿಯಾದಾಗ ಹಿಂದಿನ ಟೈರಿಗೆ ನೆಲ ಹಿಡಿಯುವಷ್ಟು ಭಾರವಿರುವುದಿಲ್ಲ. ಸಿಮೆಂಟ್ ಚೀಲಕ್ಕೆ ಮರಳು ತುಂಬಿದರೆ 50 ಕೆ.ಜಿ. ಆಗುತ್ತದೆ. ಅಂಥ 3–4 ಚೀಲ ಸಾಕು. ಹಿಂದಿನ ಆಕ್ಸಲ್‌ನ (ಎರಡು ಚಕ್ರ ಸೇರಿಸುವ ದಂಡದ) ನೇರ ಮೇಲೆ, ಇಲ್ಲವೇ ಒಂದು ಗೇಣು ಮುಂದೆ ಇಡಿ. ಹಿಂದಿನ ಡೋರ್‌ಗೆ ಒತ್ತಿ ಇಟ್ಟರೆ ಮುಂಭಾಗ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ. ಜೋರು ಬ್ರೇಕ್ ಹಾಕಿದಾಗ ಸಡಿಲ ಚೀಲ ಕ್ಯಾಬಿನ್‌ಗೆ ಬಂದು ಗುದ್ದುತ್ತದೆ. ತೀರಾ ಹೂತುಹೋದರೆ ಒಂದು ಚೀಲ ಬಿಚ್ಚಿ ಟೈರಿನ ಮುಂದೆ ಮರಳು ಹರಡಬಹುದು.

ಇನ್ನು ಗಾಳಿ. ಲೋಡಿಗೆಂದು ತುಂಬಿಸಿದ ಗಾಳಿಯಲ್ಲೇ ಖಾಲಿ ಗಾಡಿ ಓಡಿಸಿದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಖಾಲಿ ಗಾಡಿಗೆ ಕೊಟ್ಟಿರುವ ಅಳತೆಗೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಲೋಡು ಹಾಕುವ ಮುಂಚೆ ಮತ್ತೆ ತುಂಬಿಸಲೇಬೇಕು.

ಜಾರಿದಾಗೊಮ್ಮೆ ಇಳಿದು ಟೈರು ನೋಡಿ. ಸಂದುಗಳಲ್ಲೆಲ್ಲ ಕೆಮ್ಮಣ್ಣು ಮೆತ್ತಿ ಹೊಸ ಟೈರೂ ಬೋಳಾಗಿರುತ್ತದೆ. ಆಕ್ಸಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ ಅಷ್ಟೇ. ಕಾಲು ತೆಗೆಯಿರಿ, ಸೆಕೆಂಡ್ ಗೇರಿನಲ್ಲಿ ಗಾಡಿಯನ್ನು ನಿಧಾನ ಮುಂದಕ್ಕೆ ಬಿಡಿ. ಒಂದೇ ಚಕ್ರ ತಿರುಗುತ್ತಿದ್ದರೆ ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಎಳೆದು ನೋಡಿ. ತಿರುಗುವ ಚಕ್ರಕ್ಕೆ ತಡೆ ಬಿದ್ದು ಇನ್ನೊಂದಕ್ಕೆ ಶಕ್ತಿ ಹೋಗುತ್ತದೆ. ನಾಲ್ಕು ಮಾರು ದಾಟಿದ ಕೂಡಲೇ ಬಿಡಿ, ಇಲ್ಲವಾದರೆ ಬ್ರೇಕ್ ಡ್ರಮ್ ಕಾಯುತ್ತದೆ. ಇಷ್ಟಕ್ಕೂ ಹತ್ತದ ಏರಿಗೆ ಹಿಂದಿನ ಎರಡೂ ಟೈರಿಗೆ ಚೈನ್ ಕಟ್ಟಿ, ಡಾಂಬರು ಸಿಕ್ಕ ತಕ್ಷಣ ಬಿಚ್ಚಿ.

ಪ್ರಶ್ನೆ: ಮರಳಿನ ಬದಲು ನೀರಿನ ಡ್ರಮ್ ಇಡಬಹುದೇ?

ಉತ್ತರ: ಬೇಡ. ಅರೆತುಂಬಿದ ಡ್ರಮ್ಮಿನ ನೀರು ತಿರುವಿನಲ್ಲಿ ಗಾಡಿಯನ್ನೇ ಹೊರಕ್ಕೆ ಎಳೆಯುತ್ತದೆ.

ಪ್ರಶ್ನೆ: ಹಿಂದಿನ ಕಮಾನಿಗೆ (ಲೀಫ್ ಸ್ಪ್ರಿಂಗ್) ಇನ್ನೊಂದು ಪ್ಲೇಟ್ ಹಾಕಿಸಿದರೆ ಗ್ರಿಪ್ ಬರುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ.

ಉತ್ತರ: ಇದು ಶುದ್ಧ ಸುಳ್ಳು. ಕಮಾನು ಗಟ್ಟಿಯಾದಷ್ಟೂ ಖಾಲಿ ಗಾಡಿ ಕುಪ್ಪಳಿಸುತ್ತದೆ, ಗಾಳಿಯಲ್ಲಿರುವ ಟೈರಿಗೆ ಎಲ್ಲಿಯ ಗ್ರಿಪ್? ಕೆಲವು ಪಿಕಪ್‌ಗಳಲ್ಲಿ ಕಮಾನು ಎಷ್ಟು ಕೂತಿದೆ ಎಂಬುದರ ಮೇಲೆ ಹಿಂದಿನ ಬ್ರೇಕಿನ ಒತ್ತಡ ನಿಂತಿರುತ್ತದೆ. ಪ್ಲೇಟ್ ಸೇರಿಸಿದರೆ ಆ ಲೆಕ್ಕವೂ ತಪ್ಪುತ್ತದೆ.

ಪ್ರಶ್ನೆ: ಡಿಫರೆನ್ಷಿಯಲ್‌ಗೆ (ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ವೆಲ್ಡಿಂಗ್ ಮಾಡಿಸಲೇ? ಎರಡೂ ಚಕ್ರ ಒಟ್ಟಿಗೆ ತಿರುಗುತ್ತವಂತೆ.

ಉತ್ತರ: ತಿರುಗುತ್ತವೆ, ಘಾಟಿಯ ತಿರುವಿನಲ್ಲೂ ಒಟ್ಟಿಗೇ ತಿರುಗುತ್ತವೆ. ಅಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು. ಓಡಲು ಬಿಡದಿದ್ದರೆ ಟೈರು ಸವೆಯುತ್ತದೆ, ಆಕ್ಸಲ್ ತುಂಡಾಗುತ್ತದೆ, ಮಳೆಯಲ್ಲಿ ಗಾಡಿ ತಿರುಗದೆ ನೇರ ಕಣಿವೆ ಕಡೆ ಹೋಗಲು ನೋಡುತ್ತದೆ. ಮಾಡಿಕೊಡುತ್ತೇನೆ ಎನ್ನುವ ಗ್ಯಾರೇಜಿಗೆ ಗಾಡಿ ಬಿಡಬೇಡಿ.